ಪಿವಿಡಿಎಫ್ ಹಾಳೆ: ಬೀಟಾ ಲೆಕ್ಕದಾಚೆಗೆ

ಪಿವಿಡಿಎಫ್ ಪಾಲಿಮರಿಗೆ ಏನನ್ನಾದರೂ ಬೆರೆಸುವುದು, ಅವಗೆಂಪು ರೋಹಿತ ತೆಗೆದು 'ಬೀಟಾ ಹಂತ ಶೇಕಡಾ ಇಷ್ಟು' ಎಂದು ಬರೆಯುವುದು, ಅಲ್ಲಿಗೆ ಪೀಜೋವಿದ್ಯುತ್ ಗುಣ ಸಾಬೀತಾಯಿತು ಎನ್ನುವುದು: ಇತ್ತೀಚಿನ ಪ್ರಬಂಧಗಳಲ್ಲಿ ಈ ರೂಢಿ ಬೇರೂರಿದೆ. ಈ ಹಾಳೆಗಳನ್ನು ಎಳೆಯುತ್ತ, ಅಳೆಯುತ್ತ ವೃತ್ತಿಜೀವನ ಕಳೆದ ನನಗೆ ಇದು ಒಪ್ಪಿಗೆಯಿಲ್ಲ. ಎಳೆತದಿಂದ ಹಾಳೆಯೊಳಗೆ ಏನಾಗುತ್ತದೆ ಎಂಬುದನ್ನು ಈ ಲೆಕ್ಕ ಮರೆತಿದೆ.

ಕ್ಯೂರಿ ಸಹೋದರರು ಸ್ಫಟಿಕಗಳಲ್ಲಿ ಪೀಜೋವಿದ್ಯುತ್ ಗುಣ, ಅಂದರೆ ಒತ್ತಿದಾಗ ವಿದ್ಯುತ್ ಹುಟ್ಟುವ ಗುಣ, ಕಂಡದ್ದು 1880ರಲ್ಲಿ. 1950ರ ದಶಕದಲ್ಲಿ ಜಪಾನಿನ ಫುಕಾಡ ಅದನ್ನು ಮರದಲ್ಲೂ ಮೂಳೆಯಲ್ಲೂ ತೋರಿಸಿದರು. 1969ರಲ್ಲಿ ಕವಾಯ್ ಪಿವಿಡಿಎಫ್ ಹಾಳೆಯನ್ನು ಹಲವು ಪಟ್ಟು ಎಳೆದು, ಬಿಸಿಯಲ್ಲೇ ಪ್ರಬಲ ವಿದ್ಯುತ್ ಕ್ಷೇತ್ರಕ್ಕೊಡ್ಡಿದಾಗ ಅಂದಿನ ಯಾವ ಪಾಲಿಮರಿನಲ್ಲೂ ಕಾಣದಷ್ಟು ಪ್ರಬಲವಾದ ಪರಿಣಾಮ ಸಿಕ್ಕಿತು. ಎಳೆತ ಮೊದಲ ದಿನದಿಂದಲೂ ಈ ಕಥೆಯ ಭಾಗ. 1972ರಲ್ಲಿ ಹಸೆಗಾವ, ತದೊಕೊರೊ ಮತ್ತು ಸಂಗಡಿಗರು ಪಿವಿಡಿಎಫ್‌ನ ಸ್ಫಟಿಕ ರಚನೆಗಳನ್ನು ಬಿಡಿಸಿಟ್ಟರು. ಈ ಕ್ಷೇತ್ರದ ನಿಜವಾದ ಅಡಿಪಾಯ ಅದೇ ಎಂದು ನಾನು ನಂಬಿದ್ದೇನೆ.

ಕರಗಿಸಿ ತಣಿಸಿದ ಪಿವಿಡಿಎಫ್ ಸಾಮಾನ್ಯವಾಗಿ ಆಲ್ಫಾ ರೂಪದಲ್ಲಿ ಹರಳುಗಟ್ಟುತ್ತದೆ. ಅಲ್ಲಿ ಸರಪಳಿ ತಿರುಚಿಕೊಂಡಿರುತ್ತದೆ. ಅಕ್ಕಪಕ್ಕದ ಸರಪಳಿಗಳ ದ್ವಿಧ್ರುವಗಳು ಎದುರುಬದುರಾಗಿ ನಿಂತು ಒಂದನ್ನೊಂದು ರದ್ದುಮಾಡುತ್ತವೆ. ಹಾಳೆಯನ್ನು ಎಳೆದಾಗ ಅದು ಮೊದಲು ಒಂದೆಡೆ ಕಿರಿದಾಗುತ್ತದೆ, ಆಮೇಲೆ ಆ ಕಿರಿದಾದ ಭಾಗ ಉದ್ದಕ್ಕೂ ಹರಡುತ್ತದೆ. ಗೋಳಾಕಾರದ ಸ್ಫಟಿಕ ಗುಚ್ಛಗಳು ಒಡೆಯುತ್ತವೆ, ಪದರಗಳು ಓರೆಯಾಗಿ ತುಂಡಾಗುತ್ತವೆ, ಒಳಗಿನ ಸರಪಳಿಗಳು ಬಿಚ್ಚಿಕೊಂಡು ಎಳೆದ ದಿಕ್ಕಿಗೆ ನೇರವಾಗುತ್ತವೆ. ನೇರವಾದ ಸರಪಳಿಯಲ್ಲಿ ಫ್ಲೋರಿನ್ ಒಂದು ಬದಿಗೆ, ಹೈಡ್ರೋಜನ್ ಇನ್ನೊಂದು ಬದಿಗೆ. ಇದೇ ಬೀಟಾ. ಆದರೆ ಈ ದ್ವಿಧ್ರುವಗಳು ಇನ್ನೂ ಒಮ್ಮುಖವಾಗಿರುವುದಿಲ್ಲ. ಹಾಳೆಯ ದಪ್ಪದ ಗುಂಟ ಕ್ಷೇತ್ರ ಹಾಯಿಸಿ, ಅಂದರೆ ಪೋಲಿಂಗ್ ಮಾಡಿ, ಅವನ್ನು ತಿರುಗಿಸಬೇಕು. ಸರಪಳಿಗಳು ಹಾಳೆಯ ಸಮತಲದಲ್ಲಿ ಸಾಲಾಗಿ ಮಲಗಿದ್ದರೆ ಮಾತ್ರ ಆ ತಿರುಗುವಿಕೆ ಪೂರ್ಣ ಫಲ ಕೊಡುತ್ತದೆ. ಒಂದೇ ದಿಕ್ಕಿಗೆ ಎಳೆದ ಹಾಳೆಯಲ್ಲಿ ಎಳೆದ ದಿಕ್ಕಿನ ಪೀಜೋ ಗುಣಾಂಕ ಡಿ31, ಅಡ್ಡ ದಿಕ್ಕಿನ ಡಿ32ಕ್ಕಿಂತ ಬಹಳ ದೊಡ್ಡದು. ಎರಡೂ ದಿಕ್ಕಿಗೆ ಎಳೆದರೆ ಅವೆರಡೂ ಹತ್ತಿರ ಬರುತ್ತವೆ. ಬೀಟಾ ಶೇಕಡಾವಾರು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಯಾವ ಬಿಸಿಯಲ್ಲಿ, ಎಷ್ಟು ಎಳೆಯಬೇಕು ಎಂಬುದನ್ನು ನಮ್ಮ ತಲೆಮಾರು ತಾಳ್ಮೆಯಿಂದ ಕಂಡುಕೊಂಡಿತು. ಬ್ರೆಜಿಲಿನ ಗ್ರೆಗೋರಿಯೊ, ಪೋರ್ಚುಗಲ್ಲಿನ ಲಾನ್ಸೆರೋಸ್-ಮೆಂಡೆಸ್, ಇರಾನಿನ ಸಲೀಮಿ ಮತ್ತು ಯೂಸೆಫಿ ಇವರ ಕೆಲಸಗಳು ಬಹುತೇಕ ಒಂದೇ ಕಡೆಗೆ ಬೊಟ್ಟುಮಾಡುತ್ತವೆ: 80ರಿಂದ 90 ಡಿಗ್ರಿ ಸೆಲ್ಸಿಯಸ್, ನಾಲ್ಕೂವರೆಯಿಂದ ಐದು ಪಟ್ಟು. ಬಿಸಿ 100 ಡಿಗ್ರಿ ದಾಟಿದರೆ ಸರಪಳಿಗಳ ಚಲನೆ ಸಲೀಸಾಗಿ, ಆಲ್ಫಾ ಆಲ್ಫಾವಾಗಿಯೇ ಉಳಿದು ಎಳೆದ ದಿಕ್ಕಿಗೆ ಮಾತ್ರ ಹೊರಳುತ್ತದೆ. ಬೆಂಗಳೂರಿನ ಎನ್‌ಎಎಲ್ ಮತ್ತು ಐಐಎಸ್‌ಸಿ ಸಂಶೋಧಕರು ಬಿಸಿ ಎಳೆತದ ಸ್ಥಿತಿಗಳನ್ನು ಬದಲಿಸುತ್ತ ಬೀಟಾ ರೂಪುಗೊಳ್ಳುವುದನ್ನು ಪರೀಕ್ಷಿಸಿದ್ದಾರೆ. ಇಂಥ ಶ್ರಮದ ಕೆಲಸವನ್ನು ಉಲ್ಲೇಖಿಸುವವರು ಕಡಿಮೆಯಾಗುತ್ತಿರುವುದು ಬೇಸರದ ಸಂಗತಿ.

ಟ್ರೈಫ್ಲೋರೋಎಥಿಲೀನ್ ಸೇರಿದ ಸಹಪಾಲಿಮರು ಎಳೆಯದೆಯೇ ಬೀಟಾ ಮಾದರಿಯ ರಚನೆಗೆ ಬರುತ್ತದೆ. ಹಾಗೆಂದು ಎಳೆತ ಅನವಶ್ಯಕ ಎಂದವರಿದ್ದಾರೆ. ಆದರೆ ಇದೇ ಸಹಪಾಲಿಮರಿನ ಮೇಲೆ 2016ರಲ್ಲಿ ಕಟ್ಸೂರಾಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ, ಅದರ ಋಣ ಚಿಹ್ನೆಯ ಪೀಜೋ ಪರಿಣಾಮದಲ್ಲಿ ಸ್ಫಟಿಕದ ಜೊತೆಗೆ ಹರಳುಗಟ್ಟದ ಭಾಗಕ್ಕೂ ಪಾಲಿದೆ ಎಂದು ತೋರಿಸಿತು. ಎಳೆತ ಆ ಭಾಗವನ್ನೂ ಬಿಗಿಗೊಳಿಸುತ್ತದೆ.

ಇನ್ನು ಅವಗೆಂಪು ಲೆಕ್ಕ. ಪ್ರತಿ ಸೆಂಟಿಮೀಟರಿಗೆ 840ರ ಅಲೆಸಂಖ್ಯೆಯಲ್ಲಿ ಬೀಟಾದೊಂದಿಗೆ ಗಾಮಾ ಎಂಬ ಇನ್ನೊಂದು ಸ್ಫಟಿಕ ರೂಪವೂ ಬೆಳಕನ್ನು ಹೀರುತ್ತದೆ. ಆ ಒಂದೇ ಪಟ್ಟಿಯನ್ನು ನೆಚ್ಚಿದರೆ ಬೀಟಾದ ಪಾಲು ಇದ್ದುದಕ್ಕಿಂತ ಹೆಚ್ಚು ಕಾಣಬಹುದು. ಹೆಚ್ಚು ಎಳೆದ ಹಾಳೆಯಲ್ಲಿ ಸೂಕ್ಷ್ಮ ಪೊಳ್ಳುಗಳು ಹುಟ್ಟಿ, ಹಾಳೆ ಬೆಳ್ಳಗಾಗಿ, ಪೋಲಿಂಗಿನ ವೇಳೆ ಸುಡುವುದುಂಟು. ಈ ಪೊಳ್ಳುಗಳ ಸುಳಿವು ಕೊಡುವ ಸಾಂದ್ರತೆಯನ್ನು ಅಳೆದು ವರದಿ ಮಾಡಿದ ಪ್ರಬಂಧಗಳು ವಿರಳ. ತಟ್ಟಿದಾಗ ಬರುವ ವೋಲ್ಟೇಜಿನಲ್ಲಿ ಉಜ್ಜುವಿಕೆಯ ವಿದ್ಯುತ್ ಎಷ್ಟು, ಪೀಜೋ ಎಷ್ಟು ಎಂದು ಬೇರ್ಪಡಿಸಿದವುಗಳು ಇನ್ನೂ ವಿರಳ.

ಈ ಕ್ಷೇತ್ರಕ್ಕೆ ಕಾಲಿಡುವ ತರುಣರಲ್ಲಿ ನನ್ನ ಕೋರಿಕೆ ಇಷ್ಟೇ: ಎಳೆದ ಪಟ್ಟು, ಬಿಸಿ, ವೇಗ ಮೂರನ್ನೂ ಬರೆಯಿರಿ, ಸರಪಳಿಗಳ ದಿಕ್ಕನ್ನು ಎಕ್ಸ್-ಕಿರಣದಿಂದ ಅಳೆಯಿರಿ, ಪೋಲಿಂಗಿನ ನಂತರ ಡಿ31, ಡಿ32 ಮತ್ತು ದಪ್ಪದ ದಿಕ್ಕಿನ ಡಿ33 ಮೂರನ್ನೂ ಕೊಡಿ. ಬೀಟಾ ಶೇಕಡಾವಾರನ್ನು ಅವುಗಳ ಜೊತೆಗೆ ಕೊಡಿ, ಅವುಗಳ ಬದಲಿಗೆ ಬೇಡ.