ರೂಮಿನ ಗೇಮಿಂಗ್ ಕಂಪ್ಯೂಟರನ್ನು ಹಾಲ್‌ನ ಟಿವಿಗೆ ಜೋಡಿಸಲು ಚಿನ್ನದ ಲೇಪದ ಕೇಬಲ್ಲೇ ಬೇಕೇ?

ಗೇಮಿಂಗ್ ಕಂಪ್ಯೂಟರ್ ಇರುವುದು ರೂಮಿನಲ್ಲಿ, ದೊಡ್ಡ ಟಿವಿ ಇರುವುದು ಹಾಲ್‌ನಲ್ಲಿ. ಎರಡನ್ನೂ ಜೋಡಿಸಲು ಉದ್ದನೆಯ ಎಚ್‌ಡಿಎಂಐ ಕೇಬಲ್ ಹುಡುಕಿಕೊಂಡು ಬೆಂಗಳೂರಿನ ಅವೆನ್ಯೂ ರಸ್ತೆಯ ಹತ್ತಿರವೇ ಇರುವ ಎಸ್.ಪಿ. ರಸ್ತೆಗೆ ಹೋದರೆ ತಲೆಗೊಂದು ಸಲಹೆ ಸಿಗುತ್ತದೆ. ಒಬ್ಬರು ಚಿನ್ನದ ಲೇಪ ಇರಲಿ ಎನ್ನುತ್ತಾರೆ, ಇನ್ನೊಬ್ಬರು ವೈ-ಫೈ ಸಾಕು ಎನ್ನುತ್ತಾರೆ. ಷಾಕ್ ಹೊಡೆದರೆ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ ಎನ್ನುವವರೂ ಇದ್ದಾರೆ. ಈ ಕೊನೆಯ ಸಲಹೆ ಜೀವಕ್ಕೇ ಅಪಾಯ. ಇವುಗಳಲ್ಲಿ ಎಷ್ಟು ನಿಜ ಎಂದು ಒಂದೊಂದಾಗಿ ನೋಡೋಣ.

ಚಿನ್ನದ ಲೇಪ ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆಯೇ?

ಇಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿ ಹರಿಯುವುದು ಡಿಜಿಟಲ್ ಸಂಕೇತ, ಅಂದರೆ ಸೊನ್ನೆ ಮತ್ತು ಒಂದುಗಳ ಸಾಲು. ಅವು ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್‌ನಲ್ಲೂ ಚಿತ್ರ ಅದೇ, ದುಬಾರಿ ಕೇಬಲ್‌ನಲ್ಲೂ ಅದೇ. ಸರಿಯಾಗಿ ತಲುಪದಿದ್ದರೆ ಪರದೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಆಗಾಗ ಮಾಯವಾಗುತ್ತದೆ. ಚಿನ್ನದ ಲೇಪದಿಂದ ಪಿನ್‌ಗಳಿಗೆ ತುಕ್ಕು ಹಿಡಿಯುವುದು ತಪ್ಪುತ್ತದೆ, ಅಷ್ಟೆ. ಬಣ್ಣವೂ ಹೊಳಪೂ ಅದರಿಂದ ಹೆಚ್ಚುವುದಿಲ್ಲ.

ಕೇಬಲ್ ಉದ್ದವಾದರೆ ಆಟ ನಿಧಾನವಾಗುತ್ತದೆಯೇ?

ಇಲ್ಲ. ತಂತಿಯಲ್ಲಿ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ಸಾಕು. ಹಾಗಾಗಿ 15 ಮೀಟರ್ ಕೇಬಲ್‌ನಲ್ಲಿ ಆಗುವ ತಡ ಸುಮಾರು 75 ನ್ಯಾನೋಸೆಕೆಂಡ್. 60 ಹರ್ಟ್ಸ್ ಟಿವಿಯಲ್ಲಿ ಒಂದು ಚಿತ್ರ ಬದಲಾಗಿ ಇನ್ನೊಂದು ಬರಲು ಹಿಡಿಯುವ ಸಮಯ ಇದರ ಎರಡು ಲಕ್ಷ ಪಟ್ಟಿಗಿಂತ ಹೆಚ್ಚು! ಆಟ ತಡವಾಗಿ ಸ್ಪಂದಿಸುತ್ತಿದ್ದರೆ ಮೊದಲು ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ.

ಉದ್ದದಿಂದ ಬರುವ ತೊಂದರೆಯೇ ಬೇರೆ. ತಾಮ್ರದ ತಂತಿ ಉದ್ದವಾದಷ್ಟೂ ಸಂಕೇತ ದುರ್ಬಲವಾಗುತ್ತದೆ. 4ಕೆ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ ಸೆಕೆಂಡಿಗೆ 18 ಗಿಗಾಬಿಟ್ ಹೊರುವ ಕೇಬಲ್ ಬೇಕು. 2017ರಲ್ಲಿ ಬಂದ ಎಚ್‌ಡಿಎಂಐ 2.1ರಲ್ಲಿ ಈ ಮಿತಿ 48 ಗಿಗಾಬಿಟ್. ಇಷ್ಟು ವೇಗಕ್ಕೆ ಮಾಮೂಲಿ ತಾಮ್ರದ ಕೇಬಲ್ ಕೆಲವೇ ಮೀಟರ್‌ಗಳವರೆಗೆ ನಂಬಿಕೆಗೆ ಅರ್ಹ.

ಹಾಗಾದರೆ ಯಾವುದು ಸರಿ?

ಟಿವಿ ಪಕ್ಕದ ಗೋಡೆಯಾಚೆಯೇ ಇದ್ದರೆ: 3ರಿಂದ 5 ಮೀಟರ್‌ನ ಮಾಮೂಲಿ ಕೇಬಲ್ ಸಾಕು. ಪೊಟ್ಟಣದ ಮೇಲೆ 'ಪ್ರೀಮಿಯಂ ಹೈ ಸ್ಪೀಡ್' ಅಥವಾ 'ಅಲ್ಟ್ರಾ ಹೈ ಸ್ಪೀಡ್' ಎಂಬ ದೃಢೀಕರಣದ ಚೀಟಿ ಇದೆಯೇ ನೋಡಿ.

10ರಿಂದ 20 ಮೀಟರ್ ದೂರವಿದ್ದರೆ: ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಕೊಳ್ಳಿ. ಇದರಲ್ಲಿ ಚಿತ್ರ ಬೆಳಕಿನ ರೂಪದಲ್ಲಿ ಸಾಗುತ್ತದೆ. ಇದಕ್ಕೆ ದಿಕ್ಕು ಇದೆ. 'ಸೋರ್ಸ್' ಎಂದು ಬರೆದ ತುದಿ ಕಂಪ್ಯೂಟರಿಗೇ ಹೋಗಬೇಕು. ಉಲ್ಟಾ ಹಾಕಿದರೆ ಚಿತ್ರ ಬರುವುದಿಲ್ಲ.

ಬೇರೆ ಮಹಡಿಯಲ್ಲಿದ್ದರೆ: ಲ್ಯಾನ್ ವೈರ್ ಎಳೆಯಿರಿ. ಇದು 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಎಚ್‌ಡಿಎಂಐ ಕೇಬಲ್‌ನ ದಪ್ಪ ತಲೆ ಗೋಡೆಯೊಳಗಿನ ಸಣ್ಣ ಪೈಪಿನಲ್ಲಿ ತೂರುವುದು ಕಷ್ಟ. ಲ್ಯಾನ್ ವೈರನ್ನಾದರೆ ಮೊದಲು ತೂರಿಸಿ, ಆಮೇಲೆ ತಲೆ ಕ್ರಿಂಪ್ ಮಾಡಬಹುದು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ವೈರ್ ಬೇಡ, ಪೂರ್ತಿ ತಾಮ್ರದ್ದನ್ನೇ ಕೇಳಿ. ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ಎಳೆಯಬೇಡಿ.

ನಂತರ ಟಿವಿಯಲ್ಲಿ ಸ್ಟೀಮ್ ಲಿಂಕ್ ಅಥವಾ ಮೂನ್‌ಲೈಟ್ ಆ್ಯಪ್ ಹಾಕಿಕೊಳ್ಳಿ. ಮೂನ್‌ಲೈಟ್ ಆದರೆ ಕಂಪ್ಯೂಟರಿನಲ್ಲಿ ಸನ್‌ಶೈನ್ ಕೂಡ ಬೇಕು. ಎಲ್ಲವೂ ಉಚಿತ. ಆಟ ನಡೆಯುವುದು ಕಂಪ್ಯೂಟರಿನಲ್ಲೇ. ಚಿತ್ರ ವಿಡಿಯೋ ಆಗಿ ಟಿವಿಗೆ ಬರುತ್ತದೆ. ಫುಲ್ ಎಚ್‌ಡಿಗೆ ಸೆಕೆಂಡಿಗೆ ಸುಮಾರು 20 ಮೆಗಾಬಿಟ್ ಸಾಕು. ಇದು ಮನೆಯೊಳಗೇ ಓಡಾಡುವುದರಿಂದ ಇಂಟರ್ನೆಟ್ ಡೇಟಾ ಖಾಲಿಯಾಗುವುದಿಲ್ಲ. ಆದರೆ ವಿಡಿಯೋ ಕುಗ್ಗಿಸಿ ಹಿಗ್ಗಿಸಲು ಸ್ವಲ್ಪ ಸಮಯ ಹಿಡಿಯುವುದರಿಂದ ವೇಗದ ಶೂಟಿಂಗ್ ಆಟಗಳಲ್ಲಿ ಆ ತಡ ಗೊತ್ತಾಗಬಹುದು.

ವೈ-ಫೈ ಸಾಲದೇ?

ಕೆಲವು ಮನೆಗಳಲ್ಲಿ ಸಾಕು. ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈ-ಫೈ ಸೊರಗುತ್ತದೆ. ಕಂಪ್ಯೂಟರಿನಿಂದ ರೌಟರ್‌ವರೆಗಾದರೂ ವೈರ್ ಹಾಕಿದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ನೇರ ಎಚ್‌ಡಿಎಂಐ ಹಾಕುವವರು ಇನ್ನೊಂದು ವಿಷಯ ನೆನಪಿಡಿ: ಚಿತ್ರ ಹಾಲ್‌ಗೆ ಬಂದರೂ ಗೇಮ್ ಕಂಟ್ರೋಲರ್‌ನ ಬ್ಲೂಟೂತ್ ಗೋಡೆ ದಾಟದೆ ಹೋಗಬಹುದು.

ಷಾಕ್ ಹೊಡೆದರೆ ಅರ್ತ್ ಪಿನ್ ತೆಗೆಯಬಹುದೇ?

ಖಂಡಿತ ಬೇಡ. ಕಂಪ್ಯೂಟರಿನ ಪವರ್ ಸಪ್ಲೈನಿಂದ ತುಸು ವಿದ್ಯುತ್ ಅದರ ಲೋಹದ ಪೆಟ್ಟಿಗೆಗೆ ಸೋರುವುದು ಸಹಜ. ಅದು ಅರ್ತ್ ಪಿನ್ ಮೂಲಕ ನೆಲಕ್ಕೆ ಹೋಗಬೇಕು. ಅರ್ತಿಂಗ್ ಇಲ್ಲದಿದ್ದರೆ ಪೆಟ್ಟಿಗೆಯನ್ನೋ ಕೇಬಲ್‌ನ ತುದಿಯನ್ನೋ ಮುಟ್ಟಿದಾಗ ಜುಮ್ ಎನ್ನುತ್ತದೆ, ಎಚ್‌ಡಿಎಂಐ ಪೋರ್ಟ್ ಸುಟ್ಟೂ ಹೋಗಬಹುದು. ಪಿನ್ ತೆಗೆದ ಮೇಲೆ ಕಂಪ್ಯೂಟರಿನೊಳಗೆ ದೋಷವಾದರೆ 230 ವೋಲ್ಟ್ ನೇರವಾಗಿ ಪೆಟ್ಟಿಗೆಗೆ ಬರುತ್ತದೆ. ಆಗ ಮುಟ್ಟಿದವರ ಪ್ರಾಣಕ್ಕೇ ಕುತ್ತು.

ಜುಮ್ ಎಂದರೆ ಕಂಪ್ಯೂಟರ್ ಮತ್ತು ಟಿವಿ ಎರಡರ ಪ್ಲಗ್ಗನ್ನೂ ಕಿತ್ತು, ಎಲೆಕ್ಟ್ರಿಷಿಯನ್‌ನಿಂದ ಎರಡೂ ಕೋಣೆಗಳ ಅರ್ತಿಂಗ್ ಪರೀಕ್ಷೆ ಮಾಡಿಸಿ. ಎಚ್‌ಡಿಎಂಐ ಹಾಕುವಾಗಲೂ ತೆಗೆಯುವಾಗಲೂ ಎರಡೂ ಆಫ್ ಆಗಿರಲಿ.

ಕೇಬಲ್ ಕೊಳ್ಳಲು ಹೊರಡುವ ಮೊದಲು ವೈರ್ ಸಾಗುವ ದಾರಿಯನ್ನು ಟೇಪ್ ಹಿಡಿದು ಅಳೆಯಿರಿ. ಬಾಗಿಲ ಚೌಕಟ್ಟು, ಮೂಲೆಗಳನ್ನು ಸುತ್ತುವಾಗ ಅಂದಾಜಿಗಿಂತ ಹೆಚ್ಚು ಉದ್ದ ಬೇಕಾಗುತ್ತದೆ. ಅರ್ತ್ ಪಿನ್ ತೆಗೆಯಿರಿ ಎನ್ನುವ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಫಾರ್ವರ್ಡ್ ಮಾಡದೆ, ಕಳಿಸಿದವರಿಗೆ ಅದು ಯಾಕೆ ಅಪಾಯ ಎಂದು ತಿಳಿಸಿ.