ಕಬ್ಬಿಣಾಂಶದ ಮಾತ್ರೆ ಹಾಗೂ ಸಿರಪ್‌ಗಳು: ದೇಹವು ಹೀರಿಕೊಳ್ಳುವ ಪ್ರಮಾಣದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ರಕ್ತದಲ್ಲಿನ ಹಿಮೋಗ್ಲೋಬಿನ್ ಉತ್ಪತ್ತಿಗೆ ಕಬ್ಬಿಣಾಂಶವು ಅತ್ಯಗತ್ಯವಾಗಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರನ್ವಯ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಉಚಿತವಾಗಿ ದೊರೆಯುವ ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಿ, ಬೆಲೆ ಹೆಚ್ಚಿರುವ ಔಷಧವೇ ಉತ್ತಮವೆಂದು ಖರೀದಿಸುವವರೂ ಇದ್ದಾರೆ. ಆದರೆ ಪ್ರಯೋಜನವು ಬೆಲೆಯನ್ನು ಅವಲಂಬಿಸಿರುವುದಿಲ್ಲ. ಔಷಧದ ರೂಪ, ಸೇವಿಸುವ ವೇಳೆ ಹಾಗೂ ಜೊತೆಯಲ್ಲಿನ ಆಹಾರವನ್ನು ಅವಲಂಬಿಸಿರುತ್ತದೆ.

1. ಮಾತ್ರೆಯ ತೂಕ ಮತ್ತು ಅದರಲ್ಲಿರುವ ಕಬ್ಬಿಣ

ಪೊಟ್ಟಣದ ಮೇಲೆ ನಮೂದಿಸಿದ ಲವಣದ ತೂಕವೆಲ್ಲವೂ ಕಬ್ಬಿಣವಲ್ಲ. ಉದಾಹರಣೆಗೆ:

ಅ) ಒಣ ಫೆರಸ್ ಸಲ್ಫೇಟ್ 200 ಮಿ.ಗ್ರಾಂ – ಕಬ್ಬಿಣ ಸುಮಾರು 65 ಮಿ.ಗ್ರಾಂ
ಆ) ಫೆರಸ್ ಫ್ಯೂಮರೇಟ್ 200 ಮಿ.ಗ್ರಾಂ – ಕಬ್ಬಿಣ ಸುಮಾರು 65 ಮಿ.ಗ್ರಾಂ
ಇ) ಫೆರಸ್ ಗ್ಲುಕೋನೇಟ್ 300 ಮಿ.ಗ್ರಾಂ – ಕಬ್ಬಿಣ ಸುಮಾರು 35 ಮಿ.ಗ್ರಾಂ

2. ಔಷಧದ ರೂಪ

ಕಬ್ಬಿಣಾಂಶವು ಮುಖ್ಯವಾಗಿ ಸಣ್ಣ ಕರುಳಿನ ಆರಂಭದ ಭಾಗದಲ್ಲಿ, ಫೆರಸ್ ರೂಪದಲ್ಲಿ ಹೀರಲ್ಪಡುತ್ತದೆ. ಆದ್ದರಿಂದ ಫೆರಸ್ ಲವಣಗಳು ಸಾಮಾನ್ಯವಾಗಿ ಫೆರಿಕ್ ರೂಪದ ಔಷಧಗಳಿಗಿಂತ ಚೆನ್ನಾಗಿ ಹೀರಿಕೆಯಾಗುತ್ತವೆ. ಫೆರಿಕ್ ಪಾಲಿಮಾಲ್ಟೋಸ್ ಸಿರಪ್‌ಗಳಿಂದ ಹೊಟ್ಟೆಯ ತೊಂದರೆ ಕಡಿಮೆ. ಹೀರಿಕೆಯೂ ಸಾಮಾನ್ಯವಾಗಿ ಕಡಿಮೆ. ಜಠರದಲ್ಲಿ ಕರಗದಂತೆ ಲೇಪನ ಮಾಡಿದ ಮಾತ್ರೆಗಳು ಹೀರಿಕೆಯ ಸ್ಥಳವನ್ನು ದಾಟಿದ ನಂತರ ಕರಗುವ ಸಾಧ್ಯತೆ ಇರುತ್ತದೆ.

3. ಸೇವಿಸುವ ವೇಳೆ

ಸ್ವಿಟ್ಜರ್ಲೆಂಡಿನಲ್ಲಿ ಕಬ್ಬಿಣಾಂಶ ಕೊರತೆಯಿದ್ದ ಮಹಿಳೆಯರನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಿಗ್ಗೆ ನೀರಿನೊಂದಿಗೆ ಸೇವಿಸಿದ ಮಾತ್ರೆಗೆ ಹೋಲಿಸಿದಾಗ, ಕಾಫಿಯೊಂದಿಗೆ ಸೇವಿಸಿದಲ್ಲಿ ಹೀರಿಕೆಯು ಶೇ. 54ರಷ್ಟು ತಗ್ಗಿತು; 80 ಮಿ.ಗ್ರಾಂ ವಿಟಮಿನ್ ಸಿ ಜೊತೆ ಶೇ. 30ರಷ್ಟು ಹೆಚ್ಚಿತು. ಆದುದರಿಂದ ಮಾತ್ರೆಯನ್ನು ನೀರು ಅಥವಾ ನಿಂಬೆ ಪಾನಕದೊಂದಿಗೆ ಸೇವಿಸತಕ್ಕದ್ದು. ಕಾಫಿ, ಚಹಾ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ 2 ಗಂಟೆ ಅಂತರವಿರಲಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆಯಾದಲ್ಲಿ ಊಟದ ನಂತರ ಸೇವಿಸಬಹುದು. ಹೀರಿಕೆ ತುಸು ತಗ್ಗಿದರೂ, ಮಾತ್ರೆಯನ್ನೇ ಬಿಡುವುದಕ್ಕಿಂತ ಇದು ಮೇಲು.

4. ಆಹಾರ

ರಾಗಿ, ಬೇಳೆಕಾಳುಗಳಲ್ಲಿರುವ ಫೈಟೇಟ್ ಎಂಬ ಅಂಶವು ಹೀರಿಕೆಯನ್ನು ತಗ್ಗಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಾಲಯ ಅಧ್ಯಯನದಲ್ಲಿ, ಈರುಳ್ಳಿ ಹಾಗೂ ಬೆಳ್ಳುಳ್ಳಿ ಸೇರಿಸಿದಾಗ ಧಾನ್ಯ ಮತ್ತು ಕಾಳುಗಳಿಂದ ಹೀರಿಕೆಗೆ ಲಭ್ಯವಾಗುವ ಕಬ್ಬಿಣಾಂಶ ಹೆಚ್ಚಿದುದು ಕಂಡುಬಂದಿದೆ. ಮೊಳಕೆ ಬರಿಸಿದ ಕಾಳು, ನೆಲ್ಲಿಕಾಯಿ, ಸೀಬೆಹಣ್ಣುಗಳೂ ಸಹಕಾರಿ. ಆದರೆ ಇವು ಮಾತ್ರೆಗೆ ಬದಲಿಯಲ್ಲ.

5. ಉಚಿತವಾಗಿ ದೊರೆಯುವ ಪ್ರಮಾಣ

2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದನ್ವಯ:

ಅ) 6ರಿಂದ 59 ತಿಂಗಳ ಮಕ್ಕಳು – ವಾರಕ್ಕೆ ಎರಡು ಬಾರಿ 1 ಮಿ.ಲೀ. ಸಿರಪ್ (ಕಬ್ಬಿಣ 20 ಮಿ.ಗ್ರಾಂ)
ಆ) 5ರಿಂದ 9 ವರ್ಷ – ವಾರಕ್ಕೊಂದು ಗುಲಾಬಿ ಮಾತ್ರೆ (45 ಮಿ.ಗ್ರಾಂ)
ಇ) 10ರಿಂದ 19 ವರ್ಷ – ವಾರಕ್ಕೊಂದು ನೀಲಿ ಮಾತ್ರೆ (60 ಮಿ.ಗ್ರಾಂ)
ಈ) ಗರ್ಭಿಣಿಯರು – 4ನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಮಾತ್ರೆ (60 ಮಿ.ಗ್ರಾಂ), ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ

ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆಯೆಂದೂ, 7 ಗ್ರಾಂಗಿಂತ ಕಡಿಮೆಯಿದ್ದಲ್ಲಿ ತೀವ್ರ ರಕ್ತಹೀನತೆಯೆಂದೂ ಪರಿಗಣಿಸಲಾಗುತ್ತದೆ. ಮಾತ್ರೆಯಿಂದ ಗುಣವಾಗದಿದ್ದಲ್ಲಿ ಅಥವಾ ಹೆರಿಗೆ ಸಮೀಪಿಸಿದ್ದಲ್ಲಿ, ಕರುಳಿನ ಹೀರಿಕೆಯನ್ನು ಅವಲಂಬಿಸದ, ರಕ್ತನಾಳದ ಮೂಲಕ ನೀಡುವ ಚುಚ್ಚುಮದ್ದನ್ನು ವೈದ್ಯರು ಸೂಚಿಸಬಹುದು.

6. ಎಲ್ಲಿ ಪಡೆಯುವುದು

ಮೈಸೂರು ನಗರದ ನಿವಾಸಿಗಳು ತಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸುವುದು. ಗರ್ಭಿಣಿಯರು ತಾಯಿ ಕಾರ್ಡನ್ನು ತರತಕ್ಕದ್ದು. ಹೆಚ್ಚಿನ ಚಿಕಿತ್ಸೆ ಅಗತ್ಯವಾದಲ್ಲಿ ಚೆಲುವಾಂಬ ಆಸ್ಪತ್ರೆಯಲ್ಲಿ ಸೌಲಭ್ಯವಿರುತ್ತದೆ.

7. ಎಚ್ಚರಿಕೆ

ಅ) ಮಲ ಕಪ್ಪಾಗುವುದು ಸಹಜ, ಈ ಕಾರಣಕ್ಕೆ ಮಾತ್ರೆ ನಿಲ್ಲಿಸಬಾರದು.
ಆ) ತಲಸ್ಸೇಮಿಯಾ ಇರುವವರು ಹಾಗೂ ಪದೇ ಪದೇ ರಕ್ತ ಪಡೆಯುವವರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
ಇ) ಮಾತ್ರೆಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು. ಮಗು ಹೆಚ್ಚು ಮಾತ್ರೆ ನುಂಗಿದಲ್ಲಿ ಪ್ರಾಣಾಪಾಯವಿದ್ದು, ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.