ಚಿಲ್ಲರೆ ಕಾಸು ಮತ್ತು ಗುರುವಿನ ಪಾಠ

ಕಣ್ಣಿಲ್ಲದವನಿಗೆ ಕಂಠವೇ ಹೊಟ್ಟೆಪಾಡು ಎಂಬುದು ನಮ್ಮ ಸಮಾಜ ಬಹುಕಾಲದಿಂದ ಒಪ್ಪಿಕೊಂಡು ಬಂದ ಮಾತು. ರೈಲಿನಲ್ಲಿ, ಜಾತ್ರೆಯಲ್ಲಿ, ಉರೂಸಿನಲ್ಲಿ ಹಾಡುವ ಅಂಧನ ತಟ್ಟೆಗೆ ಚಿಲ್ಲರೆ ಹಾಕಿದರೆ ಕರ್ತವ್ಯ ಮುಗಿಯಿತೆಂದು ದಾವಣಗೆರೆ, ಹರಿಹರದ ನಾವೂ ನಂಬಿದ್ದೇವೆ. ಆ ಕಂಠಕ್ಕೆ ಒಬ್ಬ ಗುರು ಸಿಕ್ಕಿದ್ದರೆ? ಉತ್ತರ ನಮ್ಮ ನೆರೆಯ ಹಾನಗಲ್ ಸೀಮೆಯಲ್ಲೇ ಇದೆ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟು ಅಂಧ. ಅಣ್ಣನಿಗೂ ದೃಷ್ಟಿ ಇರಲಿಲ್ಲ. ಹುಡುಗರ ಕಂಠವನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತ. ಹಿಂದೂಸ್ತಾನಿ ಕಲಿಸಿದವರು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್. ಈ ಉಸ್ತಾದರಿಗೆ ಕಿವಿ ಮಂದ. ಜನ ಅವರನ್ನು 'ಬೆಹರೆ' ವಹೀದ್ ಖಾನ್ ಎಂದೇ ಕರೆಯುತ್ತಿದ್ದರು. ಕಣ್ಣು ಕಾಣದ ಶಿಷ್ಯ, ಕಿವಿ ಸರಿಯಾಗಿ ಕೇಳದ ಗುರು. ಒಬ್ಬ ವೀರಶೈವ ಮಠದ ಹುಡುಗ, ಇನ್ನೊಬ್ಬರು ಉತ್ತರದ ಮುಸಲ್ಮಾನ. ಸ್ವರದ ಮುಂದೆ ಇದಾವುದೂ ಅಡ್ಡ ಬರಲಿಲ್ಲ. ಆ ಹುಡುಗನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ಅವರು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದ ಊರಿಗೆ ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಭಕ್ತರು ಕೊಟ್ಟ ಕಾಳುಕಡಿಯೇ ಅದರ ಬಂಡವಾಳ. ಅದು ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಬಸವರಾಜ ರಾಜಗುರು ಅವರಂಥ ಗಾಯಕರು ಇವರ ಗರಡಿಯಲ್ಲೇ ತಯಾರಾದರು.

ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಹೊಣೆ ಹೊತ್ತವರು ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜರು. ಹಾಡುಗಾರಿಕೆಯ ಜೊತೆಗೆ ಹಲವು ವಾದ್ಯಗಳು ಅವರಿಗೆ ಒಲಿದಿದ್ದವು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಬರೆದರು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪೆನಿ ನಡೆಸಿದರು. ತುಲಾಭಾರದ ಹಣವನ್ನೂ ಆಶ್ರಮಕ್ಕೇ ಸುರಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ನಿಧನರಾದರು. ದಾವಣಗೆರೆಯ ಬಾಡಾ ಕ್ರಾಸ್ ಬಳಿಯೂ ಅವರ ಪರಂಪರೆಯ ಪುಣ್ಯಾಶ್ರಮವಿದೆ.

ದೂರದ ಪ್ಯಾರಿಸ್ಸಿನಲ್ಲೂ ಇಂಥದೇ ಕತೆ ನಡೆದಿತ್ತು. 1771ರಲ್ಲಿ ಅಲ್ಲಿನ ಸಂತೆಯೊಂದರಲ್ಲಿ ಅಂಧ ವಾದ್ಯಗಾರರಿಗೆ ವಿಚಿತ್ರ ವೇಷ, ಕನ್ನಡಕ ತೊಡಿಸಿ ಜನ ನಗುತ್ತಿದ್ದರು. ಅದನ್ನು ಕಂಡು ನೊಂದ ವ್ಯಾಲೆಂಟಿನ್ ಹಾವಿ ಮುಂದೆ ಅಂಧರಿಗಾಗಿ ಶಾಲೆ ತೆರೆದರು. ಚುಕ್ಕಿ ಲಿಪಿ ಕೊಟ್ಟ ಲೂಯಿ ಬ್ರೈಲ್ ಆ ಶಾಲೆಯ ವಿದ್ಯಾರ್ಥಿ. ಆತ ಆರ್ಗನ್ ವಾದಕನೂ ಹೌದು.

ಹಾವಿ ನೋಡಿದ್ದು ಸಂತೆಯ ನಗೆಯನ್ನು. ಕುಮಾರ ಸ್ವಾಮಿಗಳು ಕೇಳಿದ್ದು ಹಳ್ಳಿ ಹುಡುಗರ ಕಂಠವನ್ನು. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕರುಣೆಯನ್ನು ಪಾಠವಾಗಿಸಿದ್ದು. ಚಿಲ್ಲರೆ ಕಾಸು ಒಂದು ಹೊತ್ತಿನ ಹಸಿವು ನೀಗಿಸುತ್ತದೆ. ವಿದ್ಯೆ ಮಾತ್ರ ಭಿಕ್ಷೆಯ ತಟ್ಟೆಯನ್ನೇ ಕೆಳಗಿಡಿಸುತ್ತದೆ. ಆ ವಿದ್ಯೆ ಮಠದ ದಯೆಯಿಂದ ಕೆಲವರಿಗೆ ಸಿಕ್ಕಿತು. ಎಲ್ಲರಿಗೂ ಹಕ್ಕಾಗಿ ಸಿಗುವಂತೆ ಮಾಡಬೇಕಾದವರು ನಾವು.